ಉಳಿಸಬೇಕಾದುದು ಯಾವುದು?

ಕೊಪ್ಪಳ ಪಟ್ಟಣದ ಪಕ್ಕದ ಗುಡ್ಡಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಎರಡು ಶಾಸನಗಳಿವೆ. ಒಂದು ಗವಿಮಠದ ಬೆಟ್ಟದ ಮೇಲಿದೆ. ಇನ್ನೊಂದು ಪಾಲ್ಕಿಗುಂಡು ಎಂಬ ಬಂಡೆಯಲ್ಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಕೊರೆಯಲಾದ ಈ ಬರೆಹಗಳು 1931ರಲ್ಲಿ ಬೆಳಕಿಗೆ ಬಂದವು. ಎರಡರಲ್ಲಿಯೂ ಇರುವುದು ಒಂದೇ ಸಂದೇಶ. ಪಾಲ್ಕಿಗುಂಡಿನ ಅಕ್ಷರಗಳು ಕಾಲಾಂತರದಲ್ಲಿ ಬಹುಮಟ್ಟಿಗೆ ಸವೆದುಹೋಗಿವೆ. ಗವಿಮಠದ ಬಂಡೆಯ ಮೇಲಿನ ಬರೆಹವಾದರೋ ಇಂದಿಗೂ ಓದುವಂತಿದೆ. ಇದೇ ಸಂದೇಶದ ಮತ್ತೊಂದು ಪ್ರತಿ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತಿತ್ತು. ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನೆಂದು ಕರೆದುಕೊಂಡ ಅರಸನು ಯಾರೆಂಬುದು ಸ್ಪಷ್ಟವಾಯಿತು. ಸಂದೇಶವನ್ನು ಒಂದೇ ಬಂಡೆಯ ಮೇಲೆ ಕೊರೆಸಿದ್ದರೆ, ಆ ಬಂಡೆ ಸವೆದ ದಿನ ಅದೂ ಅಳಿಯುತ್ತಿತ್ತು.

ಕೊಪ್ಪಳದಿಂದ ಗದಗಿಗೆ ಹೋಗುವ ದಾರಿಯಲ್ಲಿ ಲಕ್ಕುಂಡಿ ಎಂಬ ಊರು ಸಿಗುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಎಂದು ಹೆಸರಾಗಿದ್ದ ಅತ್ತಿಮಬ್ಬೆಯ ನೆನಪನ್ನು ಉಳಿಸಿಕೊಂಡಿರುವ ಊರು ಅದು. ಪೊನ್ನಕವಿಯ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ದಾನಮಾಡಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಒಂದೊಂದು ಅಕ್ಷರವನ್ನೂ ತಾಳೆಗರಿಯ ಮೇಲೆ ಕಂಠದಿಂದ ಕೊರೆಯಬೇಕಾಗಿದ್ದ ಕಾಲವದು. ಆಗ ಇದ್ದ ಗ್ರಂಥಗಳನ್ನೆಲ್ಲ ಸಾವಿರ ಸಾವಿರ ಪ್ರತಿ ಮಾಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಆದುದರಿಂದ ಪ್ರತಿ ಮಾಡಿಸುವವರು ಮೊದಲು ಆರಿಸಬೇಕಾಗಿತ್ತು. ಯಾವುದನ್ನು ಪ್ರತಿ ಮಾಡಬೇಕು, ಯಾವುದನ್ನು ಬಿಡಬಹುದು ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಅಂದು ಅದು ಓಲೆಗರಿಯ ಪ್ರಶ್ನೆಯಾಗಿತ್ತು. ಇಂದು ಗಣಕಯಂತ್ರದ ಪ್ರಶ್ನೆಯಾಗಿದೆ.

ನಮ್ಮ ಬದುಕಿನ ಎಷ್ಟೋ ದಾಖಲೆಗಳು ಈಗ ಗಣಕಯಂತ್ರಗಳಲ್ಲಿವೆ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ಅದಕ್ಕೆ ಮೊದಲು ಇವು ಗ್ರಾಮ ಲೆಕ್ಕಿಗರ ಬಳಿ ಕೈಬರೆಹದ ಪುಸ್ತಕಗಳಲ್ಲಿದ್ದವು. ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದ ರೈತನೊಬ್ಬನು ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾದರೆ ಗಣಕಯಂತ್ರದಿಂದ ಮುದ್ರಿಸಿದ ಪಹಣಿಯನ್ನು ಪಡೆಯುತ್ತಾನೆ. ಇಂಥ ದಾಖಲೆ ಅಳಿದುಹೋದರೆ ಹೊಲವೇನೋ ಇದ್ದಲ್ಲಿಯೇ ಇರುತ್ತದೆ. ಆದರೆ ಹೊಲ ತನ್ನದೆಂದು ತೋರಿಸುವ ಆಧಾರ ಅವನ ಕೈತಪ್ಪುತ್ತದೆ. ಆದುದರಿಂದ ಗಣಕಯಂತ್ರದಲ್ಲಿರುವ ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಕಾಪಾಡಿಡುವುದು ಅತ್ಯವಶ್ಯಕ. ಇದನ್ನು ಬಳಕೆಯ ಮಾತಿನಲ್ಲಿ ‘ಬ್ಯಾಕಪ್’ ಎನ್ನುತ್ತಾರೆ. ಈ ಪಾಠದಲ್ಲಿ ನಾವು ಅದನ್ನು ರಕ್ಷಾಪ್ರತಿ ಎಂದು ಕರೆಯೋಣ.

ಯಲಬುರ್ಗಾ ತಾಲ್ಲೂಕಿನ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿರಿ. ಅಲ್ಲಿ ಒಂದು ಗಣಕಯಂತ್ರವಿದೆ. ವಿದ್ಯಾರ್ಥಿಗಳ ಹಾಜರಿ, ಅಂಕಪಟ್ಟಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ ಎಲ್ಲವೂ ಅದರಲ್ಲಿವೆ. ಅವುಗಳ ಜೊತೆಗೆ, ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡ ಬೀಸುವ ಪದಗಳೂ ಸೋಬಾನೆ ಪದಗಳೂ ಇವೆ. ಹಾಡಿದ ಅಜ್ಜಿಯರಲ್ಲಿ ಒಬ್ಬಿಬ್ಬರು ಈಗ ಇಲ್ಲ. ಹೀಗಿರುವಾಗ, ಮುಂಗಾರಿನ ಒಂದು ಮಧ್ಯಾಹ್ನ ಸಿಡಿಲು ಬಡಿದು ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟುಹೋದರೆ ಗತಿಯೇನು? ಹೊಸ ಡಿಸ್ಕನ್ನು ಕೊಂಡು ತರಬಹುದು. ಆದರೆ ಆ ಹಾಡುಗಳನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಈ ಚಿಂತೆಯಿಂದ ಶಾಲೆಯ ಗುರುಗಳು ರಕ್ಷಾಪ್ರತಿ ಮಾಡಲು ಹೊರಟರು ಎನ್ನೋಣ. ಗಣಕಯಂತ್ರದ ಡಿಸ್ಕಿನಲ್ಲಿ 500 ಗಿಗಾಬೈಟ್‌ಗಳಷ್ಟು ಸ್ಥಳವಿದೆ. ಅವರ ಕೈಯಲ್ಲಿರುವ ಹೊರಸಾಧನದಲ್ಲಿ ಇರುವುದು 32 ಗಿಗಾಬೈಟ್ ಮಾತ್ರ. ಒಬ್ಬ ವಿದ್ಯಾರ್ಥಿನಿ, “ಗುರುಗಳೇ, ದೊಡ್ಡ ಸಾಧನವೊಂದನ್ನು ತಂದು ಎಲ್ಲವನ್ನೂ ಒಮ್ಮೆಗೇ ಪ್ರತಿ ಮಾಡಿಬಿಟ್ಟರೆ ಆಗುವುದಿಲ್ಲವೆ?” ಎಂದು ಕೇಳುತ್ತಾಳೆ. ಪ್ರಶ್ನೆ ಸಹಜವಾದುದೇ. ಆದರೆ ಎಲ್ಲವನ್ನೂ ಪ್ರತಿ ಮಾಡುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಬಹಳ ಹೊತ್ತು ಹಿಡಿಯುವ ಕೆಲಸವನ್ನು ಜನ ವಾರಕ್ಕೊಮ್ಮೆ ಮಾಡುವ ಬದಲು ವರ್ಷಕ್ಕೊಮ್ಮೆ ಮಾಡುತ್ತಾರೆ, ಬಳಿಕ ಮರೆತೇಬಿಡುತ್ತಾರೆ. ಮೇಲಾಗಿ, ಗಣಕಯಂತ್ರದಲ್ಲಿ ಕಾಣುವ ಕಡತಗಳಲ್ಲಿ ಕೆಲವನ್ನು ಪ್ರತಿ ಮಾಡುವುದೇ ಅರ್ಥಹೀನ; ಇನ್ನು ಕೆಲವನ್ನು ಸುಮ್ಮನೆ ಪ್ರತಿ ಮಾಡಿದರೆ ಆ ಪ್ರತಿ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ಗುರುಗಳು ಆಕೆಗೆ, “ಮೊದಲು ಮನೆಯೊಳಗೆ ಏನೇನಿದೆ ಎಂದು ನೋಡೋಣ, ಬಾ ತಂಗಿ” ಎಂದರು.

ಆ ಶಾಲೆಯ ಗಣಕಯಂತ್ರದಲ್ಲಿ ಉಬುಂಟು ಎಂಬ ವ್ಯವಸ್ಥೆ ಇದೆ ಎಂದಿಟ್ಟುಕೊಳ್ಳೋಣ. ಅದು ಲಿನಕ್ಸ್ ಬಳಗಕ್ಕೆ ಸೇರಿದುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ ಲಿನಕ್ಸ್‌ನ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟನು. ಈ ಬಗೆಯ ವ್ಯವಸ್ಥೆಗಳಲ್ಲಿ ಕಡತಗಳೆಲ್ಲವೂ ಒಂದೇ ಮರದ ಕೊಂಬೆರೆಂಬೆಗಳಂತೆ ಜೋಡಣೆಗೊಂಡಿರುತ್ತವೆ. ಮರದ ಬುಡಕ್ಕೆ ಒಂದು ಓರೆಗೆರೆಯೇ ಗುರುತು. ಅಲ್ಲಿಂದ ಹೊರಡುವ ಒಂದೊಂದು ಕೊಂಬೆಗೂ, ಎಂದರೆ ಕಡತಕೋಶಕ್ಕೂ, ಒಂದೊಂದು ಹೆಸರಿದೆ, ಒಂದೊಂದು ಕೆಲಸವಿದೆ. ಈ ಶಿಸ್ತಿನಿಂದಾಗಿ ಯಾವ ಕೋಶದಲ್ಲಿ ಏನಿರುತ್ತದೆ ಎಂಬುದನ್ನು ಮೊದಲೇ ತಿಳಿಯಬಹುದು, ತಿಳಿದು ಆರಿಸಲೂಬಹುದು.

ಆರಿಸುವ ಬಗೆಯನ್ನು ನಮ್ಮ ರೈತರಿಂದಲೇ ಕಲಿಯಬಹುದು. ಮಳೆಯನ್ನೇ ನಂಬಿದ ಹೊಲಗಳ ರೈತನು ಸುಗ್ಗಿಯ ಕಾಲದಲ್ಲಿ ಒಳ್ಳೆಯ ಜೋಳದ ತೆನೆಗಳನ್ನು ಬೇರೆಯಾಗಿ ಆರಿಸಿ, ಕಾಳಿಗೆ ಬೂದಿ ಬೆರಸಿ, ಬೇವಿನ ಎಲೆ ಹಾಕಿ, ಗಡಿಗೆಯಲ್ಲಿ ಬಾಯಿಕಟ್ಟಿ ಇಡುವುದುಂಟು. ಅದು ಬಿತ್ತನೆಯ ಬೀಜ. ಉಣ್ಣುವ ಜೋಳಕ್ಕೆ ಇಷ್ಟು ಜೋಪಾನವಿಲ್ಲ. ಕಡಿಮೆ ಬಿದ್ದರೆ ಸಂತೆಯಲ್ಲಿ ದೊರೆಯುತ್ತದೆ. ಕಣದಲ್ಲಿ ಹಾರಿಹೋದ ಹೊಟ್ಟನ್ನು ಯಾರೂ ಗಡಿಗೆಯಲ್ಲಿ ತುಂಬುವುದಿಲ್ಲ. ಗಣಕಯಂತ್ರದ ಕಡತಗಳಲ್ಲಿಯೂ ಬೀಜ, ಉಣ್ಣುವ ಕಾಳು, ಹೊಟ್ಟು ಎಂಬ ಮೂರು ವರ್ಗಗಳುಂಟು. ಒಂದೊಂದು ಕೋಶದ ಮುಂದೆ ನಿಂತು, “ಇದು ಕಳೆದುಹೋದರೆ ಬೇರೆ ಎಲ್ಲಿಂದಲಾದರೂ ಮತ್ತೆ ದೊರೆಯುವುದೇ?” ಎಂದು ಕೇಳಿಕೊಂಡರೆ ಅದು ಯಾವ ವರ್ಗಕ್ಕೆ ಸೇರಿದುದೆಂದು ಗೊತ್ತಾಗುತ್ತದೆ.

ಮೊದಲನೆಯ ವರ್ಗದಲ್ಲಿ ‘ಹೋಮ್’ ಎಂಬ ಕೋಶವೇ ಮುಂದು. ಗಣಕಯಂತ್ರವನ್ನು ಬಳಸುವ ಪ್ರತಿಯೊಬ್ಬರ ಸ್ವಂತ ಬರೆಹ, ಚಿತ್ರ, ಧ್ವನಿಮುದ್ರಣಗಳು ಇಲ್ಲಿರುತ್ತವೆ. ಮಕ್ಕಳು ಬರೆದುಕೊಂಡ ಹಾಡುಗಳು ಇರುವುದು ಇಲ್ಲಿಯೇ. ಇವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಆದುದರಿಂದ ಈ ಕೋಶವನ್ನು ಬಿಡದೆ ಪ್ರತಿ ಮಾಡಬೇಕು. ವ್ಯವಸ್ಥೆಯ ಮೇಲ್ವಿಚಾರಕನಿಗೆ ‘ರೂಟ್’ ಎಂಬ ಪ್ರತ್ಯೇಕ ಕೋಶವಿರುತ್ತದೆ. ಅದು ‘ಹೋಮ್’ನ ಒಳಗಿರುವುದಿಲ್ಲವಾದುದರಿಂದ ಅನೇಕರು ಅದನ್ನು ಮರೆಯುತ್ತಾರೆ.

ಎರಡನೆಯದು ‘ಇಟಿಸಿ’ ಎಂಬ ಕೋಶ. ಹೆಸರಿನ ಅರ್ಥ ‘ಇತ್ಯಾದಿ’ ಎಂದು. ಹೆಸರು ಅಲ್ಪವಾದರೂ ಇದರ ಮಹತ್ವ ಅಲ್ಪವಲ್ಲ. ಗಣಕಯಂತ್ರದ ಹೆಸರೇನು, ಬಳಕೆದಾರರು ಯಾರು ಯಾರು, ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು, ಯಾವ ಮುದ್ರಣಯಂತ್ರಕ್ಕೆ ಕಾಗದ ಕಳುಹಿಸಬೇಕು, ಜಾಲಕ್ಕೆ ಹೇಗೆ ಸೇರಬೇಕು ಎಂಬ ಏರ್ಪಾಡುಗಳೆಲ್ಲವೂ ಇಲ್ಲಿವೆ. ಇವುಗಳಲ್ಲಿ ಬಹುಪಾಲು ಕಡತಗಳು ಸಾಮಾನ್ಯ ಅಕ್ಷರಗಳಲ್ಲಿಯೇ ಇರುವುದರಿಂದ ಕಣ್ಣಿನಿಂದ ಓದಬಹುದು. ಇಡೀ ಕೋಶವು ಸಾಮಾನ್ಯವಾಗಿ ಕೆಲವೇ ಮೆಗಾಬೈಟ್‌ಗಳಷ್ಟಿರುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ, ಇದು ಕಳೆದುಹೋದರೆ ತಿಂಗಳುಗಟ್ಟಲೆ ಮಾಡಿದ ಏರ್ಪಾಡನ್ನು ನೆನಪಿನಿಂದ ಮತ್ತೆ ಮಾಡಬೇಕಾಗುತ್ತದೆ. ಗುರುಗಳು ವರ್ಗವಾಗಿ ಬೇರೆ ಊರಿಗೆ ಹೋಗಿದ್ದರೆ ಆ ನೆನಪೂ ಅವರೊಡನೆ ಹೋಗಿರುತ್ತದೆ.

‘ಹೋಮ್’ ಮತ್ತು ‘ಇಟಿಸಿ’ ಈ ಎರಡನ್ನೂ ಏಕೆ ಜೊತೆಯಾಗಿಯೇ ಕಾಪಾಡಬೇಕು ಎಂಬುದಕ್ಕೆ ಇನ್ನೊಂದು ಕಾರಣವುಂಟು. ಪಹಣಿಯಲ್ಲಿ ಹೊಲವನ್ನು ಸರ್ವೆ ನಂಬರಿನಿಂದ ಗುರುತಿಸುತ್ತಾರೆ. ನಂಬರು ಮಾತ್ರ ಗೊತ್ತಿದ್ದು, ಅದು ಯಾರ ಹೆಸರಿನಲ್ಲಿದೆ ಎಂದು ಹೇಳುವ ಪುಸ್ತಕ ಕಳೆದಿದ್ದರೆ ಏನು ಪ್ರಯೋಜನ? ಯುನಿಕ್ಸ್ ಬಳಗದ ವ್ಯವಸ್ಥೆಗಳೂ ಒಂದೊಂದು ಕಡತದ ಒಡೆಯನನ್ನು ಹೆಸರಿನಿಂದ ಬರೆದಿಡುವುದಿಲ್ಲ. ಒಂದು ಸಂಖ್ಯೆಯಿಂದ ಬರೆದಿಡುತ್ತವೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನಿಗೆ 1000 ಎಂಬ ಸಂಖ್ಯೆ ದೊರೆಯುತ್ತದೆ. ಮುಂದಿನವರಿಗೆ 1001, 1002 ಹೀಗೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ‘ಇಟಿಸಿ’ ಕೋಶದಲ್ಲಿರುವ ‘ಪಾಸ್‌ವಡ್’ ಎಂಬ ಕಡತದಲ್ಲಿದೆ. ಗುಂಪುಗಳ ಪಟ್ಟಿ ‘ಗ್ರೂಪ್’ ಎಂಬ ಕಡತದಲ್ಲಿದೆ. ಈ ಪಟ್ಟಿಗಳಿಲ್ಲದೆ ಕಡತಗಳನ್ನು ಮಾತ್ರ ಹೊಸ ಯಂತ್ರಕ್ಕೆ ತಂದರೆ, ಒಬ್ಬರ ಕಡತ ಇನ್ನೊಬ್ಬರ ವಶಕ್ಕೆ ಹೋಗಬಹುದು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ‘ಫ್ಯಾಟ್’ ಎಂಬ ಜೋಡಣೆಯು ಒಡೆತನದ ಈ ಗುರುತನ್ನು ಉಳಿಸಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಕಡತಗಳನ್ನು ಬಿಡಿಬಿಡಿಯಾಗಿ ಹಾಕದೆ, ‘ಟಾರ್’ ಎಂಬ ಸಾಧನದಿಂದ ಗುರುತುಗಳ ಸಮೇತ ಒಂದೇ ಗಂಟಾಗಿ ಕಟ್ಟಿ ಇಡುತ್ತಾರೆ. 1979ರ ಯುನಿಕ್ಸ್‌ನಲ್ಲಿ ಮೊದಲು ಬಂದ ಈ ಸಾಧನ ಇಂದಿಗೂ ಬಳಕೆಯಲ್ಲಿದೆ.

ಮೂರನೆಯದು ‘ವಾರ್’ ಎಂಬ ಕೋಶ. ದಿನದಿನವೂ ಬದಲಾಗುವ ಸಂಗತಿಗಳಿಗೆ ಇದು ನೆಲೆ. ಇಲ್ಲಿ ವಿವೇಚನೆ ಬೇಕು. ಗ್ರಂಥಾಲಯದ ಪುಸ್ತಕಗಳ ಪಟ್ಟಿಯಂಥ ದತ್ತಸಂಚಯಗಳು ಸಾಮಾನ್ಯವಾಗಿ ಇದರೊಳಗಿನ ‘ಲಿಬ್’ ಎಂಬ ಉಪಕೋಶದಲ್ಲಿರುತ್ತವೆ, ಅವು ಬೀಜ. ಇಂಥ ಹೊತ್ತಿಗೆ ಇಂಥ ಕೆಲಸ ಮಾಡಬೇಕೆಂದು ಬಳಕೆದಾರರು ಬರೆದಿಟ್ಟ ವೇಳಾಪಟ್ಟಿಗಳು ‘ಸ್ಪೂಲ್’ ಎಂಬ ಉಪಕೋಶದಲ್ಲಿರುತ್ತವೆ, ಅವೂ ಬೀಜವೇ. ‘ಕ್ಯಾಶ್’ ಎಂಬ ಉಪಕೋಶದಲ್ಲಿರುವುದು ಮಾತ್ರ ಹೊಟ್ಟು. ವ್ಯವಸ್ಥೆಯು ತನ್ನ ಅನುಕೂಲಕ್ಕಾಗಿ ಕೂಡಿಟ್ಟುಕೊಂಡ ಅದನ್ನು ಮತ್ತೆ ತಾನೇ ಕೂಡಿಸಿಕೊಳ್ಳುತ್ತದೆ.

ದತ್ತಸಂಚಯವನ್ನು ಪ್ರತಿ ಮಾಡುವಾಗ ಒಂದು ಎಚ್ಚರಿಕೆ ಅಗತ್ಯ. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಗುಮಾಸ್ತನನ್ನು ನೆನೆಯಿರಿ. ಲಾರಿಯಿಂದ ಬತ್ತದ ಚೀಲ ಇಳಿದಂತೆಲ್ಲ ಆತನು ಒಂದು ಪುಟದಲ್ಲಿ ಸರಕನ್ನೂ, ಇನ್ನೊಂದು ಪುಟದಲ್ಲಿ ರೈತನಿಗೆ ಸಲ್ಲಬೇಕಾದ ಹಣವನ್ನೂ ಬರೆಯುತ್ತಾನೆ. ಆತನು ಬರೆಯುತ್ತಿರುವಾಗಲೇ ನೀವು ಮೊದಲ ಪುಟವನ್ನು ನಕಲು ಮಾಡಿಕೊಂಡು, ಸ್ವಲ್ಪ ಹೊತ್ತಿನ ಬಳಿಕ ಎರಡನೆಯ ಪುಟವನ್ನು ನಕಲು ಮಾಡಿಕೊಂಡರೆ ಏನಾಗುತ್ತದೆ? ನಡುವೆ ಬಂದ ಚೀಲಗಳು ಎರಡನೆಯ ಪುಟದಲ್ಲಿ ಮಾತ್ರ ಸೇರಿ, ಲೆಕ್ಕ ತಾಳೆಯಾಗುವುದಿಲ್ಲ. ನಡೆಯುತ್ತಿರುವ ದತ್ತಸಂಚಯದ ಕಡತಗಳನ್ನು ನೇರವಾಗಿ ಪ್ರತಿ ಮಾಡಿದರೂ ಇದೇ ತೊಂದರೆ. ಆದುದರಿಂದ, ಒಂದು ಕ್ಷಣದಲ್ಲಿ ಲೆಕ್ಕವೆಲ್ಲ ಹೇಗಿತ್ತೋ ಹಾಗೆಯೇ ಬರೆದುಕೊಡುವಂತೆ ಆ ದತ್ತಸಂಚಯದ ತಂತ್ರಾಂಶವನ್ನೇ ಕೇಳಬೇಕು. ಬಳಿಕ ಅದು ಬರೆದುಕೊಟ್ಟ ಕಡತವನ್ನು ಪ್ರತಿ ಮಾಡಬೇಕು.

ಇನ್ನು ಉಣ್ಣುವ ಕಾಳಿನ ವರ್ಗಕ್ಕೆ ಬರೋಣ. ‘ಯುಎಸ್‌ಆರ್’ ಎಂಬ ಕೋಶದಲ್ಲಿ ವ್ಯವಸ್ಥೆಯ ತಂತ್ರಾಂಶಗಳಿರುತ್ತವೆ. ಹಲವು ಗಿಗಾಬೈಟ್‌ಗಳಷ್ಟು ಜಾಗ ಹಿಡಿಯುವ ಕೋಶವಿದು. ಆದರೆ ಇವೇ ತಂತ್ರಾಂಶಗಳು ಲಕ್ಷಾಂತರ ಗಣಕಯಂತ್ರಗಳಲ್ಲಿವೆ. ಬೇಕಾದಾಗ ಜಾಲದಿಂದ ಮತ್ತೆ ಪಡೆಯಬಹುದು. ಆದುದರಿಂದ ಇವನ್ನು ಪ್ರತಿ ಮಾಡುವ ಬದಲು, ಯಾವ ಯಾವ ತಂತ್ರಾಂಶಗಳಿವೆ ಎಂಬ ಪಟ್ಟಿಯನ್ನು ಮಾತ್ರ ಬರೆಯಿಸಿಕೊಂಡರೆ ಸಾಕು. ಉಬುಂಟುವಿನಲ್ಲಿ ‘ಡಿಪಿಕೆಜಿ’ ಎಂಬ ಸಾಧನವು ಈ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಕೊಡುತ್ತದೆ. ಗಿಗಾಬೈಟ್‌ಗಳ ಹೊರೆಯ ಬದಲು ಚಿಕ್ಕದೊಂದು ಪಟ್ಟಿ! ಸಂತೆಗೆ ಹೋಗುವವನು ಮನೆಯ ಸಾಮಾನನ್ನೆಲ್ಲ ಹೊತ್ತೊಯ್ಯುವುದಿಲ್ಲ. ಚೀಟಿ ಬರೆದುಕೊಂಡು ಹೋಗುತ್ತಾನೆ. ಆದರೆ ಒಂದು ಮಾತನ್ನು ಮರೆಯಬಾರದು. ‘ಯುಎಸ್‌ಆರ್’ನ ಒಳಗೆ ‘ಲೋಕಲ್’ ಎಂಬ ಉಪಕೋಶವಿದೆ. ಆ ಯಂತ್ರಕ್ಕೆಂದೇ ಯಾರಾದರೂ ಬರೆದು ಸೇರಿಸಿದ ತಂತ್ರಾಂಶಗಳು ಅಲ್ಲಿರುತ್ತವೆ. ‘ಆಪ್ಟ್’ ಎಂಬ ಕೋಶದಲ್ಲಿಯೂ ಹೊರಗಿನಿಂದ ತಂದು ಹಾಕಿದುವು ಇರಬಹುದು. ಇವು ಸಂತೆಯಲ್ಲಿ ಸಿಗುವ ಕಾಳಲ್ಲವಾದುದರಿಂದ ಇವನ್ನು ನೋಡಿ, ಅಗತ್ಯವಿದ್ದರೆ ಪ್ರತಿ ಮಾಡಬೇಕು.

ಕೊನೆಯ ವರ್ಗ ಹೊಟ್ಟಿನದು. ‘ಟಿಎಂಪಿ’ ಎಂಬ ಕೋಶದಲ್ಲಿ ತಾತ್ಕಾಲಿಕ ಕಡತಗಳಿರುತ್ತವೆ. ಅವು ಹೋದರೆ ನಷ್ಟವಿಲ್ಲ. ‘ಪ್ರೋಕ್’, ‘ಸಿಸ್’, ‘ಡೆವ್’, ‘ರನ್’ ಎಂಬ ಕೋಶಗಳ ಸ್ವಭಾವವೇ ಬೇರೆ. ಅವುಗಳಲ್ಲಿ ಕಾಣುವ ಕಡತಗಳು ಡಿಸ್ಕಿನ ಮೇಲೆ ಇಲ್ಲವೇ ಇಲ್ಲ. ಯಂತ್ರ ನಡೆಯುತ್ತಿರುವಾಗ ಅದರೊಳಗಿನ ಸ್ಥಿತಿಗತಿಯನ್ನು ಲಿನಕ್ಸ್‌ನ ತಿರುಳು ಕಡತಗಳ ರೂಪದಲ್ಲಿ ತೋರಿಸುತ್ತದೆ, ಅಷ್ಟೆ. ಯಂತ್ರವನ್ನು ನಿಲ್ಲಿಸಿದೊಡನೆ ಅವೂ ಇಲ್ಲವಾಗುತ್ತವೆ. ಕನ್ನಡಿಯ ಮುಂದಿನಿಂದ ಸರಿದವನ ಪ್ರತಿಬಿಂಬದಂತೆ. ‘ಪ್ರೋಕ್’ನಲ್ಲಿರುವ ‘ಕೆಕೋರ್’ ಎಂಬ ಕಡತವು ಇಂದಿನ ಅನೇಕ ಗಣಕಯಂತ್ರಗಳಲ್ಲಿ 128 ಟೆರಾಬೈಟ್‌ಗಳಷ್ಟು ದೊಡ್ಡದಾಗಿ ಕಾಣುತ್ತದೆ. ನಮ್ಮ ಶಾಲೆಯ ಇಡೀ ಡಿಸ್ಕಿಗಿಂತ ಇದು ನೂರಾರು ಪಟ್ಟು ದೊಡ್ಡದು! ಇದನ್ನು ಅರಿಯದೆ ಎಲ್ಲವನ್ನೂ ಪ್ರತಿ ಮಾಡಹೊರಟವನ ಕೆಲಸ ಎಂದಿಗೂ ಮುಗಿಯದು. ಹಾಗೆಯೇ ‘ಮೀಡಿಯಾ’, ‘ಎಂಎನ್‌ಟಿ’ ಎಂಬ ಕೋಶಗಳನ್ನೂ ಬಿಡಬೇಕು. ಹೊರಸಾಧನಗಳನ್ನು ಜೋಡಿಸುವ ತಾಣಗಳವು. ರಕ್ಷಾಪ್ರತಿಯ ಸಾಧನವೂ ಅಲ್ಲಿಯೇ ಜೋಡಣೆಯಾಗಿರುವುದರಿಂದ, ಬಿಡದಿದ್ದರೆ ಪ್ರತಿಯೊಳಗೆ ಪ್ರತಿಯನ್ನು ತುಂಬುವ ವ್ಯರ್ಥ ಸಾಹಸವಾಗುತ್ತದೆ.

ಹೀಗೆ ಆರಿಸಿದ ಬಳಿಕ ಗುರುಗಳು ಲೆಕ್ಕ ಹಾಕಿದರು. ಮಕ್ಕಳ ಹಾಡುಗಳು, ಅಂಕಪಟ್ಟಿಗಳು, ಏರ್ಪಾಡಿನ ಕಡತಗಳು, ದತ್ತಸಂಚಯದ ಪ್ರತಿ, ತಂತ್ರಾಂಶಗಳ ಪಟ್ಟಿ ಎಲ್ಲವೂ ಸೇರಿ 32 ಗಿಗಾಬೈಟಿನ ಸಾಧನದಲ್ಲಿ ಸುಲಭವಾಗಿ ಹಿಡಿದುವು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಉತ್ತರ ದೊರೆಯಿತು. ಮುಂದಿನ ವಾರ ಕೆಲಸ ಇನ್ನೂ ಹಗುರ. 1996ರಿಂದ ಬಳಕೆಯಲ್ಲಿರುವ ‘ಆರ್‌ಸಿಂಕ್’ನಂಥ ಸಾಧನಗಳು ಹಿಂದಿನ ಪ್ರತಿಯೊಡನೆ ಹೋಲಿಸಿ ನೋಡಿ, ಬದಲಾದುದನ್ನು ಮಾತ್ರ ಸೇರಿಸುತ್ತವೆ. ಆದರೆ ಇಲ್ಲಿಯೂ ಜಾಗರೂಕತೆ ಬೇಕು. ಸೋಮವಾರ ಒಬ್ಬನು ಕೈತಪ್ಪಿ ಒಂದು ಕಡತವನ್ನು ಅಳಿಸಿದನೆನ್ನಿ. ಮೂಲದಲ್ಲಿ ಇಲ್ಲದುದನ್ನು ಪ್ರತಿಯಿಂದಲೂ ತೆಗೆಯುವಂತೆ ಏರ್ಪಡಿಸಿದ್ದರೆ, ಮಂಗಳವಾರದ ಹೊತ್ತಿಗೆ ಅದು ಎರಡೂ ಕಡೆ ಇಲ್ಲವಾಗುತ್ತದೆ. ಆದುದರಿಂದ ತೀರ ಇತ್ತೀಚಿನ ಪ್ರತಿಯ ಜೊತೆಗೆ, ದಿನಾಂಕ ಹಾಕಿದ ಕೆಲವು ಹಳೆಯ ಪ್ರತಿಗಳನ್ನೂ ಇಟ್ಟುಕೊಳ್ಳಬೇಕು.

ಪ್ರತಿಯನ್ನು ಎಲ್ಲಿಡಬೇಕು ಎಂಬುದೂ ಮುಖ್ಯವೇ. ಗಣಕಯಂತ್ರದ ಪಕ್ಕದ ಮೇಜಿನ ಮೇಲಿಟ್ಟರೆ, ಯಂತ್ರವನ್ನು ಸುಟ್ಟ ಬೆಂಕಿ ಅದನ್ನೂ ಸುಡುತ್ತದೆ. ಯಂತ್ರವನ್ನು ಕದ್ದ ಕಳ್ಳ ಅದನ್ನೂ ಒಯ್ಯುತ್ತಾನೆ. ಒಂದು ಪ್ರತಿಯಾದರೂ ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿರಬೇಕು. ಅಶೋಕನ ಸಂದೇಶ ಒಂದೇ ಗುಡ್ಡದಲ್ಲಿ ಇರಲಿಲ್ಲ ಎಂಬುದನ್ನು ನೆನೆಯಿರಿ. ಇದರೊಡನೆ ಗುಟ್ಟನ್ನೂ ಕಾಪಾಡಬೇಕು. ‘ಇಟಿಸಿ’ಯಲ್ಲಿರುವ ‘ಶ್ಯಾಡೋ’ ಎಂಬ ಕಡತದಲ್ಲಿ ಎಲ್ಲರ ಗುಪ್ತಪದಗಳೂ ಮಾರ್ಪಡಿಸಿದ ರೂಪದಲ್ಲಿರುತ್ತವೆ. ಯಂತ್ರದಲ್ಲಿ ಇದನ್ನು ಸಾಮಾನ್ಯ ಬಳಕೆದಾರರು ತೆರೆಯುವಂತಿಲ್ಲ. ರಕ್ಷಾಪ್ರತಿಯೊಳಗೆ ಅದೂ ಸೇರಿರುವುದರಿಂದ, ಆ ಸಾಧನವನ್ನು ಬೀಗ ಹಾಕಿದ ಕಪಾಟಿನಲ್ಲಿಡುವುದು ಅಥವಾ ಪ್ರತಿಯನ್ನೇ ಗೂಢಲಿಪಿಗೆ ತಿರುಗಿಸಿಡುವುದು ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅದೆಂದರೆ ಪ್ರತಿಯನ್ನು ಪರೀಕ್ಷಿಸುವುದು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯವರು ಆಟಿಕೆಗಳ ಕಥೆಯುಳ್ಳ ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರವನ್ನು ತಯಾರಿಸುತ್ತಿದ್ದರು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಒಂದೊಂದಾಗಿ ಅಳಿಯತೊಡಗಿದವು. ಯಂತ್ರವನ್ನು ನಿಲ್ಲಿಸುವ ಹೊತ್ತಿಗೆ ಚಿತ್ರದ ಬಹುಪಾಲು ಮಾಯವಾಗಿತ್ತು. ರಕ್ಷಾಪ್ರತಿ ಇದೆಯಲ್ಲ ಎಂದು ಅವರು ಧೈರ್ಯ ತಂದುಕೊಂಡರು. ನೋಡಿದರೆ, ಆ ಏರ್ಪಾಡು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗ ತಿಳಿಯಿತು! ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆ ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಆಕೆಯ ಮನೆಯ ಗಣಕಯಂತ್ರದಲ್ಲಿ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನಂತೆಯೇ ಜೋಪಾನವಾಗಿ ಕಾರಿನಲ್ಲಿ ತಂದರು. ಚಿತ್ರ 1999ರಲ್ಲಿ ತೆರೆ ಕಂಡಿತು. ರಕ್ಷಾಪ್ರತಿ ಇದೆ ಎಂದು ನಂಬಿ ಕುಳಿತರೆ ಸಾಲದು. ಆಗಾಗ ಅದರಿಂದ ಒಂದು ಕಡತವನ್ನಾದರೂ ಹೊರತೆಗೆದು, ತೆರೆದು, ಓದಿ ನೋಡಬೇಕು. ಬಿತ್ತುವ ಮುನ್ನ ನಾಲ್ಕು ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆಯೊಡೆಯುವುದೇ ಎಂದು ನೋಡುವ ರೈತನ ಜಾಣತನ ಇಲ್ಲಿಯೂ ಬೇಕು.

ಪೊನ್ನಕವಿಯು ‘ಶಾಂತಿಪುರಾಣ’ವೊಂದನ್ನೇ ಬರೆಯಲಿಲ್ಲ. ‘ಭುವನೈಕ ರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯವನ್ನೂ ಬರೆದಿದ್ದನು. ಅದು ನಮಗೆ ದೊರೆತಿಲ್ಲ. ಸಾವಿರ ಪ್ರತಿಗಳಾಗಿ ನಾಡಿನಲ್ಲಿ ಹರಡಿದ ‘ಶಾಂತಿಪುರಾಣ’ವನ್ನು ನಾವು ಇಂದಿಗೂ ಓದಬಹುದು. ದೊರೆಯದ ಆ ಕಾವ್ಯದ ಒಂದೇ ಒಂದು ಒಳ್ಳೆಯ ಪ್ರತಿ ಎಲ್ಲಿಯಾದರೂ ಉಳಿದಿದ್ದರೆ ಎಂದು ಕನ್ನಡಿಗರು ಇಂದಿಗೂ ಹಂಬಲಿಸುತ್ತಾರೆ. ನಿಮ್ಮ ಊರಿನ ಅಜ್ಜಿ ಹಾಡಿದ ಪದವೂ, ನಿಮ್ಮ ತಂದೆಯ ಹೊಲದ ದಾಖಲೆಯೂ, ನೀವೇ ಬರೆದ ಮೊದಲ ಕಥೆಯೂ ಈಗ ಯಾವುದೋ ಒಂದು ಡಿಸ್ಕಿನಲ್ಲಿರಬಹುದು. ಅದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಇಂದೇ ಕೇಳಿಕೊಳ್ಳಿರಿ.

ಅಭ್ಯಾಸ

ಪದಗಳ ಅರ್ಥ
ಕಂಠ – ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ
ಪಹಣಿ – ಜಮೀನಿನ ಒಡೆತನ, ಸಾಗುವಳಿ, ಬೆಳೆಗಳ ದಾಖಲೆ
ದತ್ತಸಂಚಯ – ಕ್ರಮವಾಗಿ ಜೋಡಿಸಿಟ್ಟ ಮಾಹಿತಿಯ ಸಂಗ್ರಹ
ಗೂಢಲಿಪಿ – ಗುಟ್ಟು ತಿಳಿದವರು ಮಾತ್ರ ಓದಬಲ್ಲ ಬರೆಹ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೊಪ್ಪಳದಲ್ಲಿ ಅಶೋಕನ ಶಾಸನಗಳು ಎಲ್ಲೆಲ್ಲಿವೆ?
2. ‘ಇಟಿಸಿ’ ಎಂಬ ಹೆಸರಿನ ಅರ್ಥವೇನು?
3. ಕಡತದ ಒಡೆಯನನ್ನು ಯುನಿಕ್ಸ್ ಬಳಗದ ವ್ಯವಸ್ಥೆಗಳು ಹೇಗೆ ಗುರುತಿಸುತ್ತವೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಯುಎಸ್‌ಆರ್’ ಕೋಶವನ್ನು ಪ್ರತಿ ಮಾಡುವ ಬದಲು ಏನು ಮಾಡಿದರೆ ಸಾಕು? ಏಕೆ?
2. ನಡೆಯುತ್ತಿರುವ ದತ್ತಸಂಚಯವನ್ನು ನೇರವಾಗಿ ಪ್ರತಿ ಮಾಡಬಾರದೇಕೆ?
3. ‘ಪ್ರೋಕ್’ ಕೋಶದ ಕಡತಗಳ ವಿಶೇಷವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. “ಮೊದಲು ಮನೆಯೊಳಗೆ ಏನೇನಿದೆ ಎಂದು ನೋಡೋಣ, ಬಾ ತಂಗಿ.”
2. “ಇದು ಕಳೆದುಹೋದರೆ ಬೇರೆ ಎಲ್ಲಿಂದಲಾದರೂ ಮತ್ತೆ ದೊರೆಯುವುದೇ?”

ಈ) ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿರುವ ಕಾಗದಪತ್ರಗಳ ಪಟ್ಟಿ ಮಾಡಿರಿ. ಅವುಗಳನ್ನು ಬೀಜ, ಉಣ್ಣುವ ಕಾಳು, ಹೊಟ್ಟು ಎಂದು ಮೂರಾಗಿ ವಿಂಗಡಿಸಿ, ಕಾರಣ ಬರೆಯಿರಿ.